ಮೂರನೆಯ ಹಂತ

ಇವತ್ತಿನಿಂದ ಹೆಂಡತಿ ಮಾತಾಡಿದರೆ ಅವನು ಅವಳ ಕಡೆ ತಿರುಗಬಾರದು. ಬೆಳಿಗ್ಗೆ ಹಲ್ಲುಜ್ಜುವಾಗ ಇದು ನೆನಪಾಗಿ, ಬಾಯಲ್ಲಿದ್ದ ನೊರೆ ಉಗುಳುವುದನ್ನೂ ಮರೆತು ಕನ್ನಡಿಯೊಳಗಿನ ತನ್ನ ಮುಖವನ್ನು ನೋಡುತ್ತ ನಿಂತ. ಮುಖದಲ್ಲಿ ಏನೂ ಇರಲಿಲ್ಲ. ಬೇಕಾದದ್ದೂ ಅದೇ. ಅವನು ಕೆಲಸ ಮಾಡುವ ವಿಶೇಷ ಮಕ್ಕಳ ತರಬೇತಿ ಕೇಂದ್ರದಲ್ಲಿ ಈ ಮುಖಕ್ಕೆ ಒಳ್ಳೆಯ ಹೆಸರಿತ್ತು. ಮಗುವೊಂದು ಬೇಕಾದ್ದನ್ನು ಕೇಳುವ ಬದಲು ಚೀರಿ ನೆಲಕ್ಕೆ ಬಿದ್ದು ಹೊರಳಾಡಿದರೆ, ಚೀರುವುದರಿಂದ ಏನೂ ಸಿಗುವುದಿಲ್ಲ ಎಂದು ಅದಕ್ಕೆ ತಿಳಿಯುವವರೆಗೆ ಹತ್ತಿರವೇ ಕೂತಿರಬೇಕು. ತಲೆಗಿಲೆ ಬಡಿದುಕೊಳ್ಳದಂತೆ ಕಣ್ಣಂಚಿನಲ್ಲಿ ಕಾಯಬೇಕು. ಮುಖದಲ್ಲಿ ಮಾತ್ರ ಏನನ್ನೂ ತೋರಿಸಬಾರದು. ಅವನ ಜೊತೆ ಕೆಲಸ ಮಾಡುವ ಹುಡುಗಿಯರಿಗೆ, ಎಲ್ಲ ಅವನ ಮಗಳ ವಾರಿಗೆಯವರೇ, ಇದು ಸಾಧ್ಯವಾಗುತ್ತಿರಲಿಲ್ಲ. ಹುಬ್ಬು ಅಲ್ಲಾಡಿಬಿಡುತ್ತಿತ್ತು, ತುಟಿ ಕಚ್ಚಿಕೊಳ್ಳುತ್ತಿದ್ದರು, ಒಬ್ಬಳಂತೂ ಮಗುವಿಗಿಂತ ಮೊದಲು ಅತ್ತುಬಿಟ್ಟಿದ್ದಳು. "ಅಂಕಲ್‌ನ ನೋಡಿ ಕಲೀರಿ. ಗೋಡೆ ಇದ್ದ ಹಾಗೆ ಇರ್ತಾರೆ," ಎಂದಿದ್ದರು ಕೇಂದ್ರ ನೋಡಿಕೊಳ್ಳುವ ಮೇಡಂ, ಎಲ್ಲರೆದುರಿಗೆ. ಹೊಗಳಿಕೆಯೇ. ಆದರೂ ಆವತ್ತು ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತವನಿಗೆ ಊಟ ಬೇಡವೆನಿಸಿತು. ಅಂಕಲ್ ಎಂದದ್ದಕ್ಕೋ ಗೋಡೆ ಎಂದದ್ದಕ್ಕೋ ಎಂದು ಯೋಚಿಸುತ್ತ ಡಬ್ಬಿ ಮುಚ್ಚಿಟ್ಟಿದ್ದ.

ಗೋಡೆಗೂ ಒಂದು ಸರ್ಟಿಫಿಕೇಟ್ ಬೇಕು ಎಂದಾದದ್ದು ಈ ವರ್ಷ. ಕೆಲಸ ಉಳಿಯಬೇಕಾದರೆ ವರ್ತನಾ ವಿಶ್ಲೇಷಣೆಯ ಮೊದಲ ಕೋರ್ಸು ಎಲ್ಲರೂ ಪಾಸು ಮಾಡಲೇಬೇಕು ಎಂದು ಮೇಲಿನವರ ಆದೇಶ ಬಂತು. ಶನಿವಾರ ಮಕ್ಕಳು ಹೋದಮೇಲೆ ಅವರ ಪುಟ್ಟ ಕುರ್ಚಿಗಳಲ್ಲೇ, ಮೊಣಕಾಲು ಎದೆಗೆ ತಾಗುವ ಹಾಗೆ ಮುದುಡಿ ಕೂತು ಪಾಠ ಕೇಳುವುದು. ಮನಸ್ಸು, ಸ್ವಭಾವ, ಉದ್ದೇಶ ಇವೆಲ್ಲ ನಮಗೆ ಬೇಡ ಎನ್ನುತ್ತಿದ್ದರು ಮೇಡಂ. ಕಾಣುವಂಥದ್ದು, ಎಣಿಸಲು ಬರುವಂಥದ್ದು, ಅಷ್ಟೇ ನಮ್ಮ ವಿಷಯ. "ಅವನಿಗೆ ಕೋಪ ಬಂತು ಅಂತ ಬರೀಬೇಡಿ. ಕೋಪ ನಿಮಗೆ ಕಾಣಿಸ್ತಾ? ತಟ್ಟೆ ಎಸೆದ ಅಂತ ಬರೀರಿ." ಈ ಮಾತು ಕೇಳಿ ಅವನಿಗೆ ಎಷ್ಟು ಹಾಯೆನಿಸಿತ್ತೆಂದರೆ, ಇಷ್ಟು ವರ್ಷ ಯಾರೂ ಇದನ್ನು ತನಗೇಕೆ ಹೇಳಲಿಲ್ಲ ಎಂದುಕೊಂಡಿದ್ದ. ಇನ್ನೊಂದು ಶನಿವಾರ, ಒಂದು ಇನ್ನೊಂದಕ್ಕೆ ಕಾರಣ ಎಂದು ತೋರಿಸುವುದು ಹೇಗೆ ಎಂಬ ಪಾಠ. ನಾಲ್ಕು ಹಂತ. ಮೊದಲು ಸುಮ್ಮನೆ ನೋಡಿ ಎಣಿಸುವುದು. ಆಮೇಲೆ ಏನನ್ನಾದರೂ ಕೊಟ್ಟು ಎಣಿಸುವುದು. ಮೂರನೆಯದರಲ್ಲಿ, ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡು ಎಣಿಸುವುದು. ಕೊನೆಗೆ ಮತ್ತೆ ಕೊಡುವುದು. ಕೊಟ್ಟಾಗ ಗ್ರಾಫಿನ ಗೆರೆ ಏರಿ, ಕಿತ್ತುಕೊಂಡಾಗ ಇಳಿದು, ಮತ್ತೆ ಕೊಟ್ಟಾಗ ಮತ್ತೆ ಏರಿದರೆ ಮಾತ್ರ ನಿಮ್ಮಿಂದಲೇ ಆಯಿತು ಎನ್ನಬಹುದು. "ಯಾವ ಸ್ವಿಚ್ಚಿಗೆ ಯಾವ ದೀಪ ಅಂತ ಗೊತ್ತಾಗ್ಬೇಕಾದ್ರೆ ಒಂದ್ಸಲ ಆರಿಸಿ ನೋಡ್ಲೇಬೇಕಲ್ಲ?" ಎಂದರು ಮೇಡಂ. ಮನೆಯಲ್ಲಿ ಒಬ್ಬರ ಒಂದು ಸಣ್ಣ ವರ್ತನೆ ಆರಿಸಿಕೊಳ್ಳಿ, ಅವರ ಒಪ್ಪಿಗೆ ಕೇಳಿ, ನಾಲ್ಕು ಹಂತ ಮಾಡಿ ಗ್ರಾಫ್ ತನ್ನಿ ಎಂದರು. ತಂಗಿ ಉಗುರು ಕಚ್ಚುವುದು, ಅತ್ತೆ ಕನ್ನಡಕ ಎಲ್ಲೆಂದರಲ್ಲಿ ಬಿಡುವುದು, ಹೀಗೆ ಏನಾದರೂ. ಅವನು ಕೈಯೆತ್ತಿದ. "ಆರಿಸಿದ ದೀಪ ಮತ್ತೆ ಹತ್ತಲೇ ಇಲ್ಲ ಅಂದ್ರೆ?" ಹುಡುಗಿಯರು ಕಿಸಕ್ಕೆಂದರು. "ಹತ್ತುತ್ತೆ ಅಂಕಲ್, ಬಲ್ಬ್ ಚೆನ್ನಾಗಿದ್ರೆ," ಎಂದರು ಮೇಡಂ. ಅವನೂ ನಕ್ಕ.

ಅವನು ಆರಿಸಿಕೊಂಡದ್ದು ಹೆಂಡತಿಯ ಮಾತನ್ನು. ಊಟದ ಮೇಜಿನಲ್ಲಿ ಅವಳು ಮಾತಾಡುತ್ತಿರಲಿಲ್ಲ. ಯಾವಾಗಿನಿಂದ ಎಂದು ಕೇಳುವುದು, ಅಂಗಿಯ ಬಣ್ಣ ಮಾಸಿದ್ದು ಯಾವತ್ತು ಎಂದು ಕೇಳಿದ ಹಾಗೆ. ಜಗಳವೇನೂ ಆಗಿರಲಿಲ್ಲ. ಕೇಳಿದ್ದಕ್ಕೆ ಹೂಂ ಎನ್ನುವಳು, ಒಮ್ಮೊಮ್ಮೆ ಹೂಂ ಎನ್ನಬಾರದ ಪ್ರಶ್ನೆಗೂ ಹೂಂ ಎನ್ನುವಳು, ಆಗ ಅವನಿಗೆ ಇವಳಿಗೆ ನನ್ನ ಮಾತಿನ ಮೇಲೆ ಗಮನವೇ ಇಲ್ಲ ಎಂದು ಒಳಗೊಳಗೇ ಚುರುಕ್ಕೆನ್ನುತ್ತಿತ್ತು. ಒಂದು ಕಾಲಕ್ಕೆ ಇವಳದು ಬಾಯಿ ಬಿಟ್ಟರೆ ನಿಲ್ಲದ ಬಾಯಿ. ಮದುವೆಯಾದ ಹೊಸತರಲ್ಲಿ ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡು ನಿಂತವನಿಗೆ ಇನ್ನೊಂದು ಹೇಳ್ತೀನಿ ಇರಿ, ಇನ್ನೊಂದೇ ಒಂದು ಎಂದು ಬಸ್ಸು ತಪ್ಪಿಸಿದವಳು. ವರ್ತನೆಯ ವ್ಯಾಖ್ಯೆ ಬೇಕು ಎಂದಿದ್ದರು ಮೇಡಂ, ಯಾರು ನೋಡಿದರೂ ಒಂದೇ ತೀರ್ಮಾನಕ್ಕೆ ಬರುವ ಹಾಗೆ. ಮಾತು ಎಂದರೆ, ಯಾರೂ ಕೇಳದೆ ತಾನಾಗಿ ಆಡಿದ, ಮೂರು ಅಥವಾ ಹೆಚ್ಚು ಪದಗಳ ಒಂದು ವಾಕ್ಯ. ಉಪ್ಪು ಕೊಡಿ ಎಂಬುದು ಲೆಕ್ಕಕ್ಕಿಲ್ಲ. ಒಪ್ಪಿಗೆಯನ್ನೂ ಕೇಳಿದ್ದ. ಅವಳು ನಲ್ಲಿ ಬಿಟ್ಟುಕೊಂಡು ಪಾತ್ರೆ ಉಜ್ಜುತ್ತಿದ್ದಾಗ ಹಿಂದಿನಿಂದ, "ಕೋರ್ಸಿಗೆ ನಿನ್ನ ಬಗ್ಗೆ ಏನೋ ಬರೀಬೇಕು, ಪರವಾಗಿಲ್ಲ ತಾನೆ?" ಎಂದ. ಅವಳು ಬೇಡ ಎನ್ನಲಿಲ್ಲ. ಪಾತ್ರೆ ಉಜ್ಜುತ್ತಲೇ ಇದ್ದಳು.

ಎಣಿಕೆ ಸರಿಯಿದೆ ಎಂದು ತೋರಿಸಲು ಎರಡನೆಯ ಒಬ್ಬ ವೀಕ್ಷಕ ಬೇಕಾಗಿತ್ತು. ಇಬ್ಬರೂ ಬೇರೆಬೇರೆಯಾಗಿ ಎಣಿಸಿ ಕೊನೆಗೆ ತಾಳೆ ನೋಡಬೇಕು. ಮಗಳನ್ನು ಕೇಳಿದ. ಮೊದಲು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪ, ಅಮ್ಮನ ಜೊತೆ ಮಾತಾಡೋಕೆ ನಿನಗೆ ಕೋರ್ಸ್ ಬೇಕಾಯ್ತಾ?" ಎಂದಳು. ಆಮೇಲೆ ಒಪ್ಪಿಕೊಂಡಳು. ಅವನು ಕೇಂದ್ರದಿಂದ ಹೆಬ್ಬೆರಳಿನಲ್ಲಿ ಒತ್ತುವ ಎಣಿಕೆ ಯಂತ್ರ ತಂದು ಜೇಬಿನಲ್ಲಿಟ್ಟುಕೊಂಡ, ಅವಳು ಮೇಜಿನ ಕೆಳಗೆ ಬೆರಳಿನ ಗೆಣ್ಣು ಎಣಿಸಿದಳು. ಯಂತ್ರದ ಟಿಕ್ ಸದ್ದು ಹೆಂಡತಿಗೆ ಕೇಳಿಸಿಬಿಟ್ಟರೆ ಎಂದು ಮೊದಲೆರಡು ದಿನ ಅವನ ಜೀವ ಹೋಗುತ್ತಿತ್ತು. ಅವಳು ಒಮ್ಮೆಯೂ ತಲೆಯೆತ್ತಲಿಲ್ಲ. ತನ್ನ ಹೆಬ್ಬೆರಳು ಅಷ್ಟು ಪಳಗಿದೆ ಎಂದು ಅವನು ಬೀಗಿದ. ಒತ್ತುವುದಕ್ಕೇನೂ ಹೆಚ್ಚು ಇರಲಿಲ್ಲ ಎಂಬುದು ಬೇರೆ ಮಾತು. ಮೊದಲ ಹಂತದ ಗೆರೆ ಗ್ರಾಫಿನ ನೆಲಕ್ಕೆ ಅಂಟಿಕೊಂಡು ಮಲಗಿತ್ತು.

ಎರಡನೆಯ ಹಂತದಲ್ಲಿ ಅವನು ಕೊಟ್ಟದ್ದು ಏನು? ದುಡ್ಡಿನದೇನಲ್ಲ. ಅವಳು ಬಾಯಿ ತೆರೆದ ಕೂಡಲೇ ಮೊಬೈಲನ್ನು ಕವುಚಿಹಾಕಿ, ಕುರ್ಚಿಯನ್ನು ಪೂರ್ತಿ ಅವಳ ಕಡೆ ತಿರುಗಿಸಿ, ಮುಖ ನೋಡಿ, ನಿಧಾನವಾಗಿ ಏನಾದರೂ ಉತ್ತರ ಹೇಳುವುದು. ಮೊದಲ ದಿನ ಅವಳು ಗಾಬರಿಯಾದಳು, ಏನಾಯ್ತು ಎಂದು ತನ್ನ ಕೆನ್ನೆ ಮುಟ್ಟಿಕೊಂಡಳು. ನಾಲ್ಕು ದಿನ ಕಳೆಯುವಷ್ಟರಲ್ಲಿ ಅವನ ಮುಖವನ್ನೇ ನೋಡುತ್ತ ಒಂದೊಂದಾಗಿ ಮಾತು ತೆಗೆಯತೊಡಗಿದಳು. ಆಮೇಲೆ ತಡೆಯೇ ಇರಲಿಲ್ಲ. ಅಂಗಡಿಯವನು ಹೊಸದಾಗಿ ಹಲ್ಲು ಕಟ್ಟಿಸಿಕೊಂಡು ಕಾರಣವಿಲ್ಲದೆ ನಗುತ್ತಾನಂತೆ. ಕೆಳಗಿನ ಮನೆಯವಳು ತನ್ನ ನಾಯಿಗೆ ಗಂಡನ ಸ್ವೆಟರ್ ತೊಡಿಸಿದ್ದಾಳಂತೆ, ನಾಯಿಗೇ ಚೆನ್ನಾಗಿ ಒಪ್ಪುತ್ತದಂತೆ. ಒಂದು ಸಂಜೆ ಹೆಂಡತಿ ಲಿಫ್ಟಿನಲ್ಲಿ ಸಿಕ್ಕಿದ ಯಾರನ್ನೋ ಬ್ಯಾಂಕಿನ ಮ್ಯಾನೇಜರ್ ಎಂದುಕೊಂಡು ಮನೆಯಲ್ಲಿ ಹೇಗಿದ್ದಾರೆ ಎಂದು ಕೇಳಿದಳಂತೆ. ಆತ ತನ್ನ ಹೆಂಡತಿಯ ಮಂಡಿನೋವಿನಿಂದ ಹಿಡಿದು ಅಳಿಯನ ಕುಡಿತದವರೆಗೆ ಎಲ್ಲ ತೋಡಿಕೊಂಡನಂತೆ. "ನನಗೆ ಅರ್ಧ ಗೊತ್ತಾಗ್ಲಿಲ್ಲ, ಸುಮ್ನೆ ತಲೆ ಆಡಿಸ್ದೆ ಕಣ್ರೀ. ಇಳಿಯೋವಾಗ ಆ ಮನುಷ್ಯ ನನ್ನನ್ನೇ ಕೇಳ್ತಾನೆ, ತಾವು ಯಾರು ಅಂತ!" ಮಗಳು ನೀರು ನೆತ್ತಿಗೇರಿಸಿಕೊಂಡಳು. ಅವನೂ ನಕ್ಕ, ಎಷ್ಟೋ ಹೊತ್ತು ನಕ್ಕ. ಆ ರಾತ್ರಿ ತಾಳೆ ನೋಡಿದಾಗ ಅವನ ಲೆಕ್ಕ ಮಗಳ ಲೆಕ್ಕಕ್ಕಿಂತ ಬಹಳ ಕಡಿಮೆಯಿತ್ತು. ಅವನು ಒತ್ತುವುದನ್ನೇ ಮರೆತಿದ್ದ. "ವೀಕ್ಷಕ ಹೀಗೆ ಜಾರೋದು ಉಂಟು ಅಂಕಲ್, ಹುಷಾರಾಗಿರಿ," ಎಂದರು ಮೇಡಂ ಶನಿವಾರ. ಅವನಿಗೆ ನಾಚಿಕೆಯಾಯಿತು. ಆಮೇಲಿನ ದಿನಗಳಲ್ಲಿ ಅವನು ಜಾರಲಿಲ್ಲ. ಅವಳು ಏನು ಹೇಳುತ್ತಿದ್ದಾಳೆ ಎಂಬುದರ ಕಡೆ ಕಿವಿ ಕೊಟ್ಟರೆ ತಾನೆ ಎಣಿಕೆ ತಪ್ಪುವುದು?

ಇವತ್ತು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕಂಬಿಗೆ ಒರಗಿ ನಿಂತು ಅವನು ಇದನ್ನೆಲ್ಲ ಯೋಚಿಸುತ್ತಿದ್ದ, ಅಥವಾ ಯೋಚನೆಯೇ ಅವನನ್ನು ಬಿಟ್ಟು ತನ್ನಷ್ಟಕ್ಕೆ ನಡೆಯುತ್ತಿತ್ತು. ಅವಳು ಮಾತಾಡಿದ್ದು ನಿನಗೆ ಖುಷಿಯಾಯಿತೇ ಎಂದು ಯಾರಾದರೂ ಕೇಳಿದ್ದರೆ ಗೆರೆ ಏರಿತು ಎನ್ನುತ್ತಿದ್ದ. ಗೆರೆ ಏರಿದ್ದನ್ನು ಕಂಡಾಗ ಎದೆಯಲ್ಲಿ ಆದದ್ದು ಏನು, ಅದು ಅವಳಿಗಾಗಿಯೋ ಗೆರೆಗಾಗಿಯೋ ಎಂದು ಬಿಡಿಸಿ ನೋಡುವ ಕೆಲಸಕ್ಕೆ ಅವನು ಹೋಗಲಿಲ್ಲ. ಇವತ್ತಿನಿಂದ ಅದನ್ನು ಇಳಿಸಬೇಕು. ಇಳಿಸಿದ್ದು ಮತ್ತೆ ಏರದಿದ್ದರೆ ಈ ಮನೆಯಲ್ಲಿ ಉಳಿದ ಆಯುಷ್ಯವೆಲ್ಲ ಉಪ್ಪು ಕೊಡಿ ಎನ್ನುವುದರಲ್ಲೇ ಮುಗಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಅನಿಸಲಿಲ್ಲ. ಬಸ್ಸು ನಿಂತಿತು, ಇಳಿದ. ಕೇಂದ್ರದಲ್ಲಿ ಗುಬ್ಬಿ ಎಂದು ಎಲ್ಲರೂ ಕರೆಯುವ ಪುಟ್ಟ ಹುಡುಗಿ ಅವನಿಗಾಗಿ ಕಾದಿದ್ದಳು. ಮಾತು ಬಾರದ ಮಗು. ನೀರು ಬೇಕಾದರೆ ನೀರಿನ ಚಿತ್ರವಿರುವ ಕಾರ್ಡು ತೆಗೆದು ಕೈಗೆ ಕೊಡಬೇಕು ಎಂದು ಅವನು ಅವಳಿಗೆ ಕಲಿಸುತ್ತಿದ್ದ. ಇವತ್ತು ಅವಳು ಕಾರ್ಡು ಮುಟ್ಟದೆ ಚೀರಿದಳು. ಅವನು ಗೋಡೆಯಾದ. ಚೀರುತ್ತ ಚೀರುತ್ತ ಅವಳು ಹತ್ತಿರ ಬಂದು, ಎರಡೂ ಅಂಗೈಯಲ್ಲಿ ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವನು ಕಣ್ಣನ್ನು ಕಿಟಕಿಯ ಕಡೆ ಹೊರಳಿಸಿದ. ಕೊನೆಗೆ ಅವಳು ಕಾರ್ಡು ತಂದುಕೊಟ್ಟಳು, ಅವನು ನಕ್ಕು ಲೋಟ ತುಂಬಾ ನೀರು ಕೊಟ್ಟ, ಭೇಷ್ ಎಂದ. ಅವಳು ಗಟಗಟ ಕುಡಿದಳು. ಬಾಗಿಲಲ್ಲಿ ನಿಂತಿದ್ದ ಮೇಡಂ ಹೆಬ್ಬೆರಳು ಎತ್ತಿ ತೋರಿಸಿದರು.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ನಗುಮುಖದಲ್ಲೇ ಶುರು ಮಾಡಿದಳು. ಅವನು ಮೊಬೈಲ್ ತೆರೆದ, ಕುರ್ಚಿಯನ್ನು ಗೋಡೆಯ ಕಡೆ ಒಂದಿಷ್ಟು ಹೊರಳಿಸಿದ. ಮಾತು ನಡುವಿನಲ್ಲಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದಳು. ಟಿಕ್. ಮಾರನೆಯ ದಿನ ತೋಳು ಮುಟ್ಟಿ ರೀ ಎಂದಳು, ಮುಂದಕ್ಕೆ ಬಾಗಿ ಅವನ ಮುಖ ಕಾಣುವ ಹಾಗೆ ಕುತ್ತಿಗೆ ಚಾಚಿದಳು, ಹಿಂದೆಂದಿಗಿಂತ ಹೆಚ್ಚು ಮಾತಾಡಿದಳು. ಸಿಗುತ್ತಿದ್ದದ್ದು ನಿಂತಾಗ ವರ್ತನೆ ಮೊದಲು ಉಕ್ಕಿ ಆಮೇಲೆ ಇಳಿಯುತ್ತದೆ ಎಂದು ಪಾಠದಲ್ಲಿ ಇದ್ದದ್ದು ಅಕ್ಷರಶಃ ಕಣ್ಣೆದುರು ನಡೆಯುತ್ತಿತ್ತು. ಅವನಿಗೆ ರೋಮಾಂಚನವಾಯಿತು. ತಟ್ಟೆ ತೊಳೆಯುವ ಹೊತ್ತಿಗೆ ಮಗಳು ಹಿಂದೆ ಬಂದು ನಿಂತಳು.

"ಇದೇನು ಅಪ್ಪ, ಮತ್ತೆ ಶುರು ಮಾಡ್ದೆ?"

"ಇದು ಮೂರನೇ ಹಂತ. ಸುಮ್ನೆ ಎಣಿಸು."

"ಎಷ್ಟು ದಿನ?"

"ಗೆರೆ ನಿಲ್ಲೋವರೆಗೆ. ಆಮೇಲೆ ಮೊದಲಿನ ಹಾಗೇ ಇರ್ತೀನಲ್ಲ."

"ಅಮ್ಮಂಗೆ ಹೇಳಿದ್ಯಾ?"

"ಹೇಳಿದ್ರೆ ಡೇಟಾ ಕೆಟ್ಟುಹೋಗುತ್ತೆ."

ಮಗಳು ನಲ್ಲಿ ನಿಲ್ಲಿಸಿ ಹೊರಟುಹೋದಳು.

ಆ ವಾಕ್ಯ ಬಂದದ್ದು ಇದಾದ ಕೆಲವು ದಿನಗಳ ಮೇಲೆ. ಆವತ್ತು ಹೆಂಡತಿ ಚಮಚವನ್ನು ತಟ್ಟೆಯ ಪಕ್ಕದಲ್ಲಿಟ್ಟು, ಎರಡೂ ಕೈಯನ್ನು ಮಡಿಲಿಗೆ ತೆಗೆದುಕೊಂಡು, ಅವನ ಕಡೆ ತಿರುಗಿ ಹೇಳಿದಳು. ಉದ್ದನೆಯ ವಾಕ್ಯ. ಅವನು ಫ್ರಿಜ್ಜಿನ ಬಾಗಿಲಿನ ಮೇಲೆ ಬಲ್ಬಿನ ಬೆಳಕು ಬಿದ್ದು ಉದ್ದಕ್ಕೆ ಎಳೆದುಕೊಂಡಿದ್ದನ್ನು ನೋಡುತ್ತಿದ್ದ. ಪದಗಳು ಒಂದರ ಹಿಂದೆ ಒಂದು ಹೋದವು, ಮೂರು ದಾಟಿತು, ಯಾರೂ ಕೇಳದೆ ಆಡಿದ್ದು, ಸರಿ, ಲೆಕ್ಕಕ್ಕೆ ಸೇರುತ್ತದೆ. ಒತ್ತಿದ. ಹಿಂದೆ ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ, ಆಗಲೂ ಹೀಗೇ. ಅಕ್ಷರ ಕಾಣುತ್ತಿತ್ತು, ಅರ್ಥ ಕಾಣುತ್ತಿರಲಿಲ್ಲ. ಒಮ್ಮೆ ಚಿಕ್ಕಪ್ಪನ ಸಾವಿನ ಪ್ರಕಟಣೆಯನ್ನೇ ತಿದ್ದಿ, ಹೆಸರಿನಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರವನ್ನು ಸೇರಿಸಿ ಅಚ್ಚಿಗೆ ಕಳಿಸಿ, ಮನೆಗೆ ಬಂದು ಬಾಗಿಲಲ್ಲಿ ಅಳುತ್ತ ನಿಂತಿದ್ದ ಅಮ್ಮನನ್ನು ಏನಾಯಿತು ಎಂದು ಕೇಳಿದ್ದ. ತಟ್ಟೆಯ ಸದ್ದಿಗೆ ತಲೆಯೆತ್ತಿದ. ಮಗಳು ಊಟ ಬಿಟ್ಟು ಎದ್ದು ನಿಂತು ಅವನನ್ನೇ ದಿಟ್ಟಿಸುತ್ತಿದ್ದಳು. ಹೆಂಡತಿ ಮತ್ತೆ ಚಮಚ ಕೈಗೆತ್ತಿಕೊಂಡಿದ್ದಳು. ಆ ರಾತ್ರಿ ಮಗಳು ತನ್ನ ಕೋಣೆಯ ಬಾಗಿಲನ್ನು ಪೂರ್ತಿ ತೆರೆಯದೆ "ಒಂದು" ಎಂದಳು. ಅವನದೂ ಒಂದೇ. ತಾಳೆ ನೂರಕ್ಕೆ ನೂರು.

ಆಮೇಲೆ ಹೆಂಡತಿ ಮಾತಾಡಲಿಲ್ಲ. ಗೆರೆ ಮಾರನೆಯ ದಿನವೇ ನೆಲ ಮುಟ್ಟಿ ಅಲ್ಲೇ ನಿಂತಿತು. ಶನಿವಾರ ಮೇಡಂ ಅವನ ಗ್ರಾಫನ್ನು ಗೋಡೆಗೆ ಅಂಟಿಸಿ ಎಲ್ಲರನ್ನೂ ಕರೆದು ತೋರಿಸಿದರು. "ನೋಡಿ, ಎಷ್ಟು ಸ್ವಚ್ಛವಾಗಿ ಇಳಿದಿದೆ. ಇಷ್ಟು ಚೆಂದದ ಮೂರನೇ ಹಂತ ನಾನು ಪುಸ್ತಕದಲ್ಲಿ ಬಿಟ್ರೆ ಬೇರೆಲ್ಲೂ ನೋಡಿಲ್ಲ." ಹುಡುಗಿಯರು ಚಪ್ಪಾಳೆ ತಟ್ಟಿದರು. ಅಂಕಲ್ ಪಾರ್ಟಿ ಕೊಡಿಸಿ ಎಂದಳು ಒಬ್ಬಳು. ಅವನು ಪುಟ್ಟ ಕುರ್ಚಿಯಿಂದ ಏಳಲು ಹೋದಾಗ ಕುರ್ಚಿ ಸೊಂಟಕ್ಕೆ ಸಿಕ್ಕಿಕೊಂಡು ಅವನ ಜೊತೆಯೇ ಎದ್ದು ಬಂತು. ಎಲ್ಲರೂ ನಕ್ಕರು. ಅವನಿಗೆ ಅವಮಾನವೂ ಆಗಲಿಲ್ಲ, ಹೆಮ್ಮೆಯೂ ಆಗಲಿಲ್ಲ, ಕುರ್ಚಿಯನ್ನು ಬಿಡಿಸಿಕೊಂಡು ಕೂತ.

ನಾಲ್ಕನೆಯ ಹಂತ ಶುರುವಾದ ದಿನ ಅವನು ಬೇಗ ಮನೆಗೆ ಬಂದು, ಮೊಬೈಲನ್ನು ಬೇರೆ ಕೋಣೆಯಲ್ಲೇ ಬಿಟ್ಟು, ಊಟಕ್ಕೆ ಮೊದಲೇ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಕೂತ. ಅವಳು ತಟ್ಟೆ ನೋಡಿಕೊಂಡು ಊಟ ಮಾಡಿದಳು. ಮಾರನೆಯ ದಿನವೂ ಹಾಗೇ. ಮಾತು ಬಂದರೆ ತಾನೆ ತಿರುಗುವುದು, ಬಾರದ ಮಾತಿಗೆ ಏನು ಕೊಡುವುದು? ನಿಯಮ ಮುರಿದು ಅವನೇ ಕೇಳಿದ, ಆ ಬ್ಯಾಂಕಿನ ಮ್ಯಾನೇಜರ್ ಮತ್ತೆ ಸಿಕ್ಕಿದ್ನಾ ಎಂದು. ಅವಳು ಹೂಂ ಎಂದಳು. ಸಿಕ್ಕಿದ ಎಂದಲ್ಲ, ಬರೀ ಹೂಂ. ವಾರ ಕಳೆಯಿತು. ಕೇಂದ್ರದಲ್ಲಿ ಮೇಡಂ ಗ್ರಾಫಿನ ಮೇಲೆ ಪೆನ್ನಿನ ಹಿಂಬದಿಯಿಂದ ತಟ್ಟಿದರು. "ನಮಗೆ ಗೊತ್ತಿಲ್ಲದ ಇನ್ನೇನೋ ನಡುವೆ ಬಂದಿದೆ ಅಂಕಲ್. ಇಲ್ಲಿ, ಈ ಕೊನೆಯ ಒಂದು ಮಾತು, ಆವತ್ತು ಅವರು ಹೇಳಿದ್ದೇನು?" ಅವನು ಬಾಯಿ ತೆರೆದ. "ಮೂರಕ್ಕಿಂತ ಹೆಚ್ಚು ಪದ ಇತ್ತು ಮೇಡಂ. ಪ್ರಶ್ನೆಗೆ ಉತ್ತರ ಅಲ್ಲ." "ಅದು ಸರಿ. ಏನು ಹೇಳಿದ್ರು?" ಅವನಿಗೆ ಫ್ರಿಜ್ಜಿನ ಮೇಲಿನ ಬೆಳಕು ನೆನಪಾಯಿತು, ಅವಳ ಕೈ ಮಡಿಲಿಗೆ ಹೋದದ್ದು ನೆನಪಾಯಿತು. ಅದರಾಚೆ ಏನೂ ಇರಲಿಲ್ಲ. ಮೇಡಂ ಅವನ ಮುಖ ನೋಡಿ, ಮೊದಲ ಸಲ ಅಂಕಲ್ ಎನ್ನದೆ, "ಸರ್, ಮನೆಗೆ ಹೋಗಿ," ಎಂದರು.

ಮಗಳು ಮೆಟ್ಟಿಲ ಮೇಲೆ ಸಿಕ್ಕಿದಳು, ಎಲ್ಲಿಗೋ ಹೊರಟಿದ್ದಳು. ಅಮ್ಮ ಆವತ್ತು ಹೇಳಿದ್ದೇನೆಂದು ಕೇಳಿದ. ಅವಳು ಅವನನ್ನು ನೋಡಿದ ನೋಟದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅಚ್ಚರಿಯಿತ್ತು.

"ನಿನಗೆ ಗೊತ್ತಿಲ್ವಾ?"

"ಎಣಿಸ್ತಾ ಇದ್ದೆ."

"ಕೇಳಿಸ್ಕೊಂಡೂ ಸುಮ್ನಿದ್ದೆ ಅಂದ್ಕೊಂಡಿದ್ದೆ ಅಪ್ಪ ನಾನು. ಅದಕ್ಕೇ ನಿನ್ನ ಹತ್ರ ಮಾತು ಬಿಟ್ಟಿದ್ದು." ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಡಾಕ್ಟರಿಗೆ ತೋರಿಸ್ಕೊಂಡು ಬಂದಿದ್ಲು ಅಮ್ಮ, ಒಬ್ಳೇ. ಎಡಗಿವಿ ಪೂರ್ತಿ ಹೋಗಿದೆಯಂತೆ. ಬಲಗಿವೀನೂ ಹೋಗ್ತಾ ಇದೆಯಂತೆ. ಅದಕ್ಕೇ ಆವತ್ತು, ನೀವು ನನ್ನ ಕಡೆ ಮುಖ ಮಾಡಿ ಮಾತಾಡಿದ್ರೆ ಮಾತ್ರ ನಂಗೆ ಗೊತ್ತಾಗೋದು ಕಣ್ರೀ, ಸ್ವಲ್ಪ ಈ ಕಡೆ ತಿರುಗ್ತೀರಾ ಅಂದ್ಲು."

"ನೀನೂ ಎಣಿಸಿದೆಯಲ್ಲ," ಎಂದ. ಇಂಥ ಹೊತ್ತಿನಲ್ಲಿ ಬಾಯಿಂದ ಬಂದದ್ದು ಅದೇ.

"ಎಣಿಸಿದೆ. ನೀನೇ ಹೇಳಿದ್ಯಲ್ಲ ಎಣಿಸು ಅಂತ." ಅವಳು ಒಂದು ಮೆಟ್ಟಿಲು ಇಳಿದಳು. "ಆಮೇಲೆ ಅಮ್ಮಂಗೆ ಎಲ್ಲಾ ಹೇಳ್ಬಿಟ್ಟೆ. ಕೋರ್ಸು, ಹಂತ, ಎಲ್ಲಾ." ಅವಳು ಇಳಿದು ಹೋದಳು.

ಹಾಗಾದರೆ ಅವನು ತಿರುಗಿದ್ದು ಹೆಂಡತಿಗೆ ಬಹುಮಾನವೇ ಆಗಿರಲಿಲ್ಲ. ತಿರುಗಿದಾಗ ಅವನ ಮಾತು ಅವಳಿಗೆ ತಿಳಿಯುತ್ತಿತ್ತು, ತಿಳಿದದ್ದಕ್ಕೆ ಅವಳು ಮಾತಾಡಿದಳು, ಅಷ್ಟೇ. ಎಷ್ಟೋ ಕಾಲ ಅವಳು ಒಬ್ಬಳೇ ನಡುವೆ ನಡುವೆ ಕತ್ತರಿಸಿಹೋದ ಸದ್ದುಗಳ ಜೊತೆ ಈ ಮೇಜಿಗೆ ಕೂತು ಹೂಂ ಎಂದು ಅಂದಾಜಿನ ಮೇಲೆ ಉತ್ತರ ಕೊಡುತ್ತಿದ್ದಳು. ಇವನು ಅದನ್ನು ಅಲಕ್ಷ್ಯವೆಂದು ಮನಸ್ಸಿಗೆ ಹಚ್ಚಿಕೊಂಡಿದ್ದ. ಮಿಕ್ಕ ಮೆಟ್ಟಿಲುಗಳನ್ನು ಹೇಗೆ ಹತ್ತಿದನೋ, ಬಾಗಿಲು ತೆರೆದೇ ಇತ್ತು. ಅವಳು ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವನು ಸ್ಟೂಲು ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ಅವಳ ಎದುರಿಗೆ ಕೂತ. ಅವಳು ತಲೆಯೆತ್ತಿ ನೋಡಿದಳು, ಕಣ್ಣನ್ನಲ್ಲ, ತುಟಿಯನ್ನು. ಅವಳು ಯಾವತ್ತಿನಿಂದಲೂ ನೋಡುತ್ತಿದ್ದದ್ದು ತುಟಿಯನ್ನೇ ಎಂದು ಅವನಿಗೆ ಈಗ ಗೊತ್ತಾಯಿತು.

"ಆವತ್ತು ನೀನು ಹೇಳಿದ್ದು..." ಎಂದ. "ಇನ್ನೊಂದ್ಸಲ ಹೇಳು. ಕೇಳಿಸ್ಕೋತೀನಿ. ನಾನು ಇಲ್ಲೇ ಇದ್ದೀನಿ, ನಿನ್ನ ಕಡೇನೇ ತಿರುಗಿದ್ದೀನಿ, ನೋಡು."

ಅವಳು ಪೂರ್ತಿ ಓದಿಕೊಂಡಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ದಣಿವು ಇತ್ತು.

"ಈ ಸಲ ಎಷ್ಟು ದಿನಕ್ಕೆ?" ಎಂದಳು.

ಅವನಿಗೆ ಭಯವಾಯಿತು. ಎಷ್ಟೋ ವರ್ಷಗಳಿಂದ ಮರಗಟ್ಟಿಹೋಗಿದ್ದ ಎದೆಯಲ್ಲಿ ಯಾವ ಅನುಮಾನಕ್ಕೂ ಎಡೆಯಿಲ್ಲದ ಹಾಗೆ ಭಯವಾಯಿತು. ಉತ್ತರ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ಕೈ ಮಾತ್ರ ನಿಲ್ಲಲಿಲ್ಲ, ಅವನ ಅಂಗಿಯ ತೋಳುಗಳನ್ನು ತಡಕಿ, ಒಳಕ್ಕೆ ಮಡಿಸಿ, ಮೇಲೆ ಅಂಗೈ ಒತ್ತಿ ಸುಕ್ಕು ತೆಗೆಯಿತು. ಅವನು ಹೇಳಿದ. ಗಟ್ಟಿಯಾಗಿ ಹೇಳಿದ, ಇನ್ನೂ ಹತ್ತಿರ ಬಾಗಿ ಹೇಳಿದ, ಮದುವೆಯಾದಂದಿನಿಂದ ಹೇಳದೆ ಉಳಿದದ್ದನ್ನೆಲ್ಲ ಹೇಳಿದ. ಅವಳು ಕಣ್ಣು ತೆರೆಯಲಿಲ್ಲ.